ಕೊಟ್ಟೆಯಿಂದ ಬೋರ್ಡೋ ದ್ರಾವಣಕ್ಕೆ: ಕೊಳೆರೋಗ ಮತ್ತು ಕೃಷಿ ವಿಸ್ತರಣೆಯ ಮರುವಿಚಾರ

ಮೈಸೂರು ಸಂಸ್ಥಾನದ ಕೃಷಿ ಇತಿಹಾಸ ಬಲ್ಲವರಿಗೆ ಲೆಸ್ಲಿ ಕೋಲ್ಮನ್ ಹೊಸಬರಲ್ಲ. ಕೆನಡಾದ ಈ ವಿಜ್ಞಾನಿ 1908ರಲ್ಲಿ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಇಲ್ಲಿಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ದುಡಿದರು. ಜೋಳವನ್ನು ಕಾಡುವ ರೆಕ್ಕೆಯಿಲ್ಲದ ಮಿಡತೆಯ ಕುಲಕ್ಕೆ ಇವರಿಂದಲೇ ಕೋಲ್ಮೇನಿಯಾ ಎಂಬ ಹೆಸರು ಬಂತು. ಅಡಿಕೆ ಕೊಳೆರೋಗದ ಬಗೆಗಿನ ಇವರ ಅಧ್ಯಯನ ಪ್ರಕಟವಾದದ್ದು 1910ರಲ್ಲಿ. ಮಲೆನಾಡಿನ ತೋಟಗಳಲ್ಲಿ ಬೋರ್ಡೋ ಸಿಂಪಡಣೆ ನೆಲೆಯೂರಲು ಇವರ ಕೆಲಸವೇ ಬುನಾದಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಅದು ನೆಲೆಯೂರಿದ ಬಗೆಯನ್ನು ನಾವು ವಿವರಿಸುತ್ತಿರುವ ರೀತಿಯ ಬಗ್ಗೆ.

ಕೃಷಿ ವಿಸ್ತರಣೆಯ ಪಾಠಗಳಲ್ಲಿ ಎವರೆಟ್ ರೋಜರ್ಸ್ 1962ರಲ್ಲಿ ಮಂಡಿಸಿದ ಪ್ರಸರಣ ಸಿದ್ಧಾಂತ ಇಂದಿಗೂ ಗಟ್ಟಿಯಾಗಿದೆ. ಹೊಸತು ಹೊರಗಿನಿಂದ ಬರುತ್ತದೆ. ಕೆಲವರು ಮೊದಲು ಒಪ್ಪುತ್ತಾರೆ, ಕೆಲವರು ಕೊನೆಗೆ. ರೈತನ ಹಳೆಯ ಅನುಭವಕ್ಕೆ ಅದು ಎಷ್ಟು ಹೊಂದುತ್ತದೆ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಇದನ್ನು ಮರೆಯುವಂತಿಲ್ಲ. ಆದರೆ ಅವರ ಚೌಕಟ್ಟಿನಲ್ಲಿ ಆ ಅನುಭವ ಹೊಸತನ್ನು ಬರಮಾಡಿಕೊಳ್ಳುವ ಹಿನ್ನೆಲೆ ಮಾತ್ರ. ಕೊಳೆರೋಗದ ವಿಷಯದಲ್ಲಿ ಅದು ಹಿನ್ನೆಲೆಯಷ್ಟೇ ಆಗಿರಲಿಲ್ಲ.

ಮಳೆಗಾಲಕ್ಕೆ ಮೊದಲು ಕರಡದ ಹುಲ್ಲು ಅಥವಾ ಅಡಿಕೆ ಹಾಳೆಯಿಂದ ಕೊಟ್ಟೆ ಮಾಡಿ, ಮರ ಹತ್ತಿ, ಕೊನೆಗೆ ಹೊದಿಸಿ ಕಟ್ಟುವುದು ಬೆಳೆಗಾರರ ಹಳೆಯ ಪದ್ಧತಿ. ಕೊಳೆ ತರುವ ಫೈಟಾಫ್ತೊರ ಜೀವಿಯ ಚರ ಬೀಜಕಗಳು ಈಜುವುದು ಕಾಯಿಯ ಮೇಲಿನ ತೆಳುವಾದ ನೀರಿನ ಪದರದಲ್ಲಿ. ಮೊದಲು ತೊಟ್ಟಿನ ಬಳಿ ನೀರು ಹಿಡಿದಂತೆ ಕಲೆ ಕಾಣುತ್ತದೆ, ಆಮೇಲೆ ಕಾಯಿ ಉದುರುತ್ತದೆ, ಬಿದ್ದ ಕಾಯಿಗೆ ಬಿಳಿ ಬೂಸ್ಟು ಮುಸುಕುತ್ತದೆ. ಕೊಟ್ಟೆ ಆ ನೀರನ್ನೇ ತಡೆಯುತ್ತದೆ. ಬೋರ್ಡೋ ದ್ರಾವಣ ನೀರಿರುವ ಕಡೆಯೇ ತಾಮ್ರದ ಕಾವಲು ಹಾಕುತ್ತದೆ. ಎರಡೂ ರೋಗ ಬಾರದಂತೆ ತಡೆಯುವ ಉಪಾಯಗಳು; ಒಳಹೊಕ್ಕ ರೋಗವನ್ನು ಎರಡೂ ವಾಸಿಮಾಡವು. ಆದ್ದರಿಂದಲೇ ಎರಡನ್ನೂ ಮಳೆ ಹಿಡಿಯುವ ಮೊದಲೇ ಮಾಡಬೇಕು.

ವಿಸ್ತರಣಾಧಿಕಾರಿಗೆ ಅತ್ಯಂತ ಕಷ್ಟದ ಕೆಲಸ, ರೋಗದ ಸುಳಿವೇ ಇಲ್ಲದಾಗ ಖರ್ಚು ಮಾಡುವಂತೆ ರೈತನನ್ನು ಒಪ್ಪಿಸುವುದು. ಅಡಿಕೆ ತೋಟದಲ್ಲಿ ಆ ಒಪ್ಪಿಗೆ ಕೊಟ್ಟೆಯ ರೂಪದಲ್ಲಿ ಮೊದಲೇ ಸಿಕ್ಕಿತ್ತು ಎಂಬುದು ನನ್ನ ವಾದ. ಇದನ್ನು ಅತಿಗೆ ಒಯ್ಯಬಾರದು. ಬೆಳೆಗಾರರು ರೋಗಾಣುವನ್ನು ಕಂಡಿದ್ದರು ಎಂದಾಗಲಿ, ಕೊಟ್ಟೆ ಇದ್ದಲ್ಲೆಲ್ಲ ಸಿಂಪಡಣೆ ಸಲೀಸಾಗಿ ಬಂತು ಎಂದಾಗಲಿ ನಾನು ಹೇಳುತ್ತಿಲ್ಲ. ಮಳೆಯ ನೀರಿಗೂ ಕೊಳೆಗೂ ಇರುವ ಕಾರಣ ಸಂಬಂಧ ಅವರ ಕೈಕೆಲಸದಲ್ಲಿ ಖಚಿತವಾಗಿತ್ತು, ಅಷ್ಟೇ. ಕೋಲ್ಮನ್ನರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ರೂಪುಗೊಂಡ ಮದ್ದನ್ನು ಜಡಿಮಳೆಯ ನಾಡಿನ ಎತ್ತರದ ಮರಕ್ಕೆ ಒಗ್ಗಿಸುವುದು ಸಣ್ಣ ಕೆಲಸವಲ್ಲ.

ಹೊಸದಾಗಿ ಕಲಿಯಬೇಕಾದದ್ದೂ ಸಾಕಷ್ಟಿತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಇಂದಿನ ಅಳತೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು. ತಯಾರಾದ ದ್ರಾವಣದಲ್ಲಿ ಚಾಕುವಿನ ಅಲಗು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಸುಮಾರು 40–45 ದಿನಗಳಿಗೆ ಎರಡನೇ ಸಲ ಹೊಡೆಯಬೇಕು.

ಆ ಎರಡನೇ ಸಲ ಜಾರುವ ಮರ ಹತ್ತುವವನು ಕೊನೆಗಾರ. ಪ್ರಸರಣ ಸಿದ್ಧಾಂತ ತೋಟದ ಯಜಮಾನನ ತೀರ್ಮಾನವನ್ನು ಎಣಿಸುತ್ತದೆ. ಮಳೆ ಬಿಡುವು ಕೊಟ್ಟ ಗಳಿಗೆಯಲ್ಲಿ ಕೊನೆಗಾರ ಸಿಗದಿದ್ದರೆ ಆ ತೀರ್ಮಾನಕ್ಕೆ ಬೆಲೆಯೇ ಇಲ್ಲ. ಹಾಗೆ ಹಿಂದೆ ಬಿದ್ದ ಬೆಳೆಗಾರನನ್ನು ಹಿಂಜರಿಯುವವರ ಪಟ್ಟಿಗೆ ಸೇರಿಸುವುದು ಅನ್ಯಾಯ.

ಕೊಟ್ಟೆಯ ರೂಢಿ ಬಲವಾಗಿದ್ದ ಸೀಮೆಗಳಲ್ಲಿ ಸಿಂಪಡಣೆ ನಿಜಕ್ಕೂ ಬೇಗ ಹರಡಿತೇ ಎಂಬುದನ್ನು ಊರೂರಿನ ಲೆಕ್ಕಪತ್ರ ಹಿಡಿದು ಪರೀಕ್ಷಿಸುವ ಕೆಲಸ ಬಾಕಿಯಿದೆ. ಅದಕ್ಕೂ ಮುಂಚೆ, ಕೊಟ್ಟೆ ಕಟ್ಟಿ ಬಲ್ಲ ಹಿರಿಯ ಕೊನೆಗಾರರ ಮಾತುಗಳನ್ನು ಮಲೆನಾಡು, ಕರಾವಳಿಗಳ ಸಂಶೋಧಕರು ತಡಮಾಡದೆ ದಾಖಲಿಸಬೇಕು.