ಮಿಕ್ಸರಿಗೆ ಗ್ಯಾರಂಟಿ, ಬಾಯಿಗೆ ಬಾಯಿಮಾತು

ನವಿ ಮುಂಬಯಿಯ ತುರ್ಭೆಯಲ್ಲಿ ಠಾಣೆ–ಬೇಲಾಪುರ ರಸ್ತೆ ಊರನ್ನು ಎರಡು ಹೋಳು ಮಾಡಿದೆ. ಪೂರ್ವಕ್ಕೆ ಎಂಐಡಿಸಿ ಕಾರ್ಖಾನೆಗಳು, ಗುಡ್ಡದಂಚಿನ ಕಲ್ಲುಗಣಿಗಳು, ತುರ್ಭೆ ಸ್ಟೋರ್ಸಿನ ಜೋಪಡಪಟ್ಟಿ. ಪಶ್ಚಿಮಕ್ಕೆ ಎಪಿಎಂಸಿ ಸಗಟು ಮಾರುಕಟ್ಟೆ, ಅದರಾಚೆ ಸಾನ್ಪಾಡಾ, ವಾಶಿಯ ಫ್ಲ್ಯಾಟುಗಳು. ಫ್ಲ್ಯಾಟುಗಳ ಮುಸುರೆ ತಿಕ್ಕಿ ನೆಲ ಒರೆಸುವ ಹೆಂಗಸರಲ್ಲಿ ಅನೇಕರು ಇಂಥ ಜೋಪಡಪಟ್ಟಿಗಳಿಂದ ಬರುವವರು. ಮುಂಬಯಿ ಮಾತಿನಲ್ಲಿ ಅವರು ‘ಬಾಯಿ’.

ಈ ಏರ್ಪಾಡು ಹಳೆಯದಲ್ಲ. ಹೊಸ ನಗರ ಕಟ್ಟಲೆಂದು ಸಿಡ್ಕೊ ಹುಟ್ಟಿದ್ದು 1970ರಲ್ಲಿ. 1973ರಲ್ಲಿ ವಾಶಿ ಖಾಡಿಗೆ ಸೇತುವೆ ಬಂತು. 1981ರಲ್ಲಿ ಈರುಳ್ಳಿ–ಬಟಾಟೆ ಮಾರುಕಟ್ಟೆ, 1996ರಲ್ಲಿ ತರಕಾರಿ, ಹಣ್ಣಿನ ಮಾರುಕಟ್ಟೆಗಳು ಮುಂಬಯಿಯಿಂದ ಇಲ್ಲಿಗೆ ಬಂದವು. ಕಲ್ಲು ಒಡೆಯಲು, ಕಟ್ಟಡ ಏರಿಸಲು, ಮೂಟೆ ಹೊರಲು ಮರಾಠವಾಡದಿಂದಲೂ ಕಲಬುರಗಿ, ವಿಜಯಪುರದ ಕಡೆಯಿಂದಲೂ ಜನ ಬಂದರು. ಕಟ್ಟಡಗಳಲ್ಲಿ ಸಂಸಾರಗಳು ಹೂಡಿದ ಮೇಲೆ ಆ ಅಡುಗೆಮನೆಗಳಿಗೂ ಕೈ ಬೇಕಾಯಿತು.

ಹಳೆಯ ಮುಂಬಯಿಯ ಅನುಕೂಲಸ್ಥರ ಮನೆಗಳಲ್ಲಿ ಕೆಲಸಕ್ಕೆ ಇರುತ್ತಿದ್ದವರು ಬಹುಮಟ್ಟಿಗೆ ಕೊಂಕಣದ ಗಂಡಸರು. ಅವರ ಹೆಸರು ಏನೇ ಇರಲಿ, ಕರೆಯುತ್ತಿದ್ದುದು ‘ರಾಮಾ’ ಎಂದು. ಅವರು ಅಲ್ಲೇ ಉಂಡು ಮೂಲೆಯಲ್ಲೋ ಮೆಟ್ಟಿಲಡಿಯಲ್ಲೋ ಮಲಗುತ್ತಿದ್ದರು. ಸಿಡ್ಕೊದ ಸಣ್ಣ ಮನೆಗಳಲ್ಲಿ ಅಂಥ ಮೂಲೆ ಇರಲಿಲ್ಲ. ಹಾಗಾಗಿ ಕೆಲಸ ತುಂಡಾಯಿತು: ಝಾಡೂ–ಕಟ್ಕಾಗೆ ಇಷ್ಟು, ಪಾತ್ರೆಗೆ ಇಷ್ಟು, ಬಟ್ಟೆಗೆ ಇಷ್ಟು. ಒಬ್ಬ ಹೆಂಗಸು ಬೆಳಗಿನಿಂದ ಮಧ್ಯಾಹ್ನದೊಳಗೆ ನಾಲ್ಕೈದು ಮನೆ ಮುಗಿಸತೊಡಗಿದಳು.

ಅಷ್ಟರಲ್ಲಿ ಯಂತ್ರಗಳೂ ಬಂದಿದ್ದವು. 1955ರಲ್ಲಿ ಬರ್ಮಾ ಶೆಲ್ ಮುಂಬಯಿಯಲ್ಲಿ ಅಡುಗೆ ಅನಿಲ ಮಾರಲು ಶುರುಮಾಡಿತು. 1959ರಲ್ಲಿ ಹಾಕಿನ್ಸ್ ಕುಕ್ಕರ್ ಕಂಪನಿ ಆರಂಭವಾಯಿತು. 1963ರಲ್ಲಿ ಸತ್ಯಪ್ರಕಾಶ್ ಮಾಥುರ್ ರೂಪಿಸಿದ ಸುಮೀತ್ ಮಿಕ್ಸರ್, ಕಾಯಿ, ಉದ್ದು, ಒಣಮೆಣಸನ್ನು ಅರೆದು ಒರಳುಕಲ್ಲನ್ನು ಮೂಲೆಗೆ ಸರಿಸಿತು. ಆಫೀಸಿಗೆ ಲೋಕಲ್ ಹಿಡಿಯಬೇಕಾದ ಹೆಂಗಸಿಗೆ ಇವು ದೊಡ್ಡ ಬಿಡುಗಡೆ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ವಿಚಿತ್ರ ತೋರಿಸಿದರು. ಅಲ್ಲಿ ಯಂತ್ರ ಬಂದ ಮೇಲೆ ಆಳುಗಳು ಹೋದರು, ಆದರೆ ಗೃಹಿಣಿಯ ದುಡಿಮೆಯ ಹೊತ್ತು ತಗ್ಗಲಿಲ್ಲ. ಇಲ್ಲಿನ ಕಥೆ ಬೇರೆ. ಇಲ್ಲಿ ಯಂತ್ರ ಬಂತು, ಬಾಯಿಯೂ ಉಳಿದಳು. ಕುಕ್ಕರು, ಮಿಕ್ಸರಿನ ಜಾರು ತೊಳೆಯುವುದು ಅವಳ ಪಾಲಿಗೇ ಬಂತು. ವಾಷಿಂಗ್ ಮಷೀನು ಕೊಂಡ ಮನೆಯಲ್ಲಿ ಅವಳ ಬಟ್ಟೆಯ ಬಾಬ್ತು ಕಡಿತವಾಯಿತು. ಮಷೀನಿಗೆ ರಸೀದಿ, ಗ್ಯಾರಂಟಿ ಕಾರ್ಡು ಇತ್ತು. ಅವಳಿಗಿದ್ದುದು ಬಾಯಿಮಾತು.

ಬಾಯಿಮಾತನ್ನು ಕಾಗದಕ್ಕೆ ಇಳಿಸುವ ಯತ್ನ ಅವರಿಂದಲೇ ಶುರುವಾಯಿತು. 1980ರಲ್ಲಿ ಪುಣೆಯ ಮನೆಗೆಲಸದವರು ಸಂಬಳ, ರಜೆ ಕೇಳಿ ಮುಷ್ಕರ ಹೂಡಿದರು, ಸಂಘ ಕಟ್ಟಿದರು. 2004ರಲ್ಲಿ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಪ್ರಕಟಿಸಿತು. ಮಹಾರಾಷ್ಟ್ರ 2008ರಲ್ಲಿ ಕಲ್ಯಾಣ ಮಂಡಳಿಯ ಕಾಯ್ದೆ ತಂದಿತು. ಅದರಡಿ ನೋಂದಣಿಯಾಗಿ 55 ವರ್ಷ ತುಂಬಿದವರಿಗೆ ‘ಸನ್ಮಾನ್ ಧನ್’ ಎಂದು ಒಮ್ಮೆ 10,000 ರೂಪಾಯಿ ಕೊಡುವ ಯೋಜನೆಯೂ ಬಂತು. ಜೀವಮಾನದ ದುಡಿಮೆಯ ಕೊನೆಗೆ ಸಿಗುವ ಆ ಮೊತ್ತದಲ್ಲಿ ಒಳ್ಳೆಯ ವಾಷಿಂಗ್ ಮಷೀನು ಬರುವುದು ಕಷ್ಟ. ಮನೆಗೆಲಸದವರಿಗೆ ವಾರಕ್ಕೆ ಸತತ 24 ಗಂಟೆಯ ಬಿಡುವು ಇರಲೇಬೇಕೆನ್ನುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಪ್ಪಂದದ ಪರ ಭಾರತ ಮತ ಹಾಕಿತು, ಆದರೆ ಅದನ್ನು ಅನುಮೋದಿಸಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪ್ರತ್ಯೇಕ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು.

ಅದೇ ಮಾರ್ಚಿನಲ್ಲಿ ಅರ್ಬನ್ ಕಂಪನಿ ಮುಂಬಯಿಯಲ್ಲಿ ‘ಇನ್‌ಸ್ಟಾ ಮೇಡ್ಸ್’ ಆರಂಭಿಸಿತು. ಹದಿನೈದು ನಿಮಿಷದಲ್ಲಿ ಕೆಲಸದವಳು ಮನೆಗೆ, ಆರಂಭದ ರಿಯಾಯಿತಿ ದರ ಗಂಟೆಗೆ 49 ರೂಪಾಯಿ. ಟೀಕೆ ಬಂದಾಗ ಹೆಸರು ‘ಇನ್‌ಸ್ಟಾ ಹೆಲ್ಪ್’ ಆಯಿತು. ಅಲ್ಲಿಯವರೆಗೆ ಕೆಲಸದ ತುಂಡುಗಳಿಗಷ್ಟೇ ಬೆಲೆ ಇತ್ತು. ಈಗ ಗಂಟೆಗೂ ಬೆಲೆ ಬಂದಿದೆ, ಆದರೆ ಅದನ್ನು ಕಟ್ಟಿದ್ದು ಆಪ್.

ತುರ್ಭೆಯ ಮನೆಗಳ ಸಮಾಚಾರ ಇನ್ನೂ ಹೆಚ್ಚಾಗಿ ಬಾಗಿಲಲ್ಲೇ ತೀರ್ಮಾನವಾಗುತ್ತದೆ. ಸಂಬಳ ಎಷ್ಟು, ವಾರಕ್ಕೆ ರಜೆ ಯಾವಾಗ, ಜ್ವರ ಬಂದ ದಿನ ಹಣ ಹಿಡಿಯುತ್ತಾರೋ ಇಲ್ಲವೋ, ಬಿಡಿಸುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಈ ನಾಲ್ಕು ಸಾಲು ಒಂದು ಹಾಳೆಯಲ್ಲಿ ಬರೆಯಲು ಯಾವ ಕಾಯ್ದೆಯೂ ಬರುವವರೆಗೆ ಕಾಯಬೇಕಿಲ್ಲ. ಮಿಕ್ಸರಿನ ಗ್ಯಾರಂಟಿ ಕಾರ್ಡನ್ನು ಜೋಪಾನವಾಗಿಡುವ ಡ್ರಾಯರಿನಲ್ಲಿ ಆ ಹಾಳೆಗೂ ಜಾಗವಿದೆ.