ಗೊಂಬೆಮನೆಯ ಪೂರ್ವವೃತ್ತಾಂತ

ಗೊಂಬೆಮನೆಯು ಮಕ್ಕಳ ಆಟಕ್ಕಾಗಿಯೇ ಹುಟ್ಟಿತೆಂದು ನಾವು ಭಾವಿಸುವೆವು. ಚರಿತ್ರೆಯಾದರೋ ಬೇರೆ ಮಾತನ್ನು ಹೇಳುತ್ತದೆ. ಬವೇರಿಯಾದ ಡ್ಯೂಕನಾದ ಐದನೆಯ ಆಲ್ಬ್ರೆಕ್ಟನು 1558ರ ಸುಮಾರಿಗೆ ಮಾಡಿಸಿದ ಕಿರುಮನೆಯು ಅವನ ಸಂಗ್ರಹಶಾಲೆಗೆ ಅಲಂಕಾರವಾಯಿತು. ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬಾಕೆಯು ಸುಮಾರು 1686ರಿಂದ 1710ರವರೆಗೆ ಸಜ್ಜುಗೊಳಿಸಿದ ಗೊಂಬೆಮನೆಗೆ ತಗಲಿದ ಹಣದಲ್ಲಿ, ಕಾಲುವೆಯ ದಡದ ನಿಜವಾದ ಮನೆಯನ್ನೇ ಕೊಳ್ಳಬಹುದಾಗಿತ್ತೆನ್ನುವರು. ಹೊಸದಿಲ್ಲಿಯ ರಚನೆಯಿಂದ ಪ್ರಸಿದ್ಧನಾದ ವಾಸ್ತುಶಿಲ್ಪಿ ಲಟ್ಯನ್ಸನು, 1924ರಲ್ಲಿ ಪೂರ್ಣಗೊಂಡ ಮೇರಿ ರಾಣಿಯ ಗೊಂಬೆಮನೆಯನ್ನು ಅಡಿಗೊಂದಂಗುಲದ ಅಳತೆಯಲ್ಲಿ ನಿರ್ಮಿಸಿದನು.

ಇವುಗಳಲ್ಲಿ ಧನವು ಶ್ರೀಮಂತರದು, ಅಳತೆಯು ಸರ್ವರದು. ಆದುದರಿಂದ ಗೃಹಸ್ಥನು ರಟ್ಟಿನ ಪೆಟ್ಟಿಗೆಯೊಂದನ್ನು ತಂದು, ಮೊದಲು ಒಂದೇ ಕೋಣೆಯನ್ನು ಕಟ್ಟಲು ತೊಡಗಲಿ. ಮಗುವು ತನ್ನ ಮನೆಯ ಬಾಗಿಲನ್ನು ತಾನೇ ಅಳೆಯಲಿ. ಅದು ಆರಡಿಯಿದ್ದರೆ ರಟ್ಟಿನಲ್ಲಿ ಆರಂಗುಲ. ಚಾಕು ಅಜ್ಜನ ಕೈಯಲ್ಲಿರಲಿ. ತಾಯಿಯು ಹಳೆಯ ಬಟ್ಟೆಯ ತುಂಡುಗಳಿಂದ ಹಾಸಿಗೆ ಹೊಲಿಯಲಿ. ಮೊದಲ ಗೋಡೆಯು ಸೊಟ್ಟಗಾದರೆ ಹಿರಿಯರು ಆತುರಪಟ್ಟು ತಿದ್ದಬಾರದು. ತಪ್ಪಿದುದೆಲ್ಲಿ ಎಂದು ಮಗುವೇ ಮತ್ತೊಮ್ಮೆ ಅಳೆದು ಕಾಣಲಿ. ಹಿಂದಿನ ಆ ಮನೆಗಳು ದೊಡ್ಡವರ ಕಣ್ಣಿಗೆ ಹಬ್ಬವಾದವು. ನಮ್ಮದು ಮಕ್ಕಳ ಕೈಗೆ ವಿದ್ಯೆಯಾಗಲಿ.