ಗಣಕದಲ್ಲಿ ಹುಟ್ಟಿದ ಕನ್ನಡ ಕಡತಗಳು: ಸಂರಕ್ಷಣೆಯ ಸಮಸ್ಯೆ

ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಟೀಕೆಯ ಓಲೆಗರಿಗಳ ಲಿಪಿ ಹಳಗನ್ನಡ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಲಿಪಿ ಬಲ್ಲವರಿಗೆಲ್ಲ ಭಾಷೆ ಬಾರದು, ಭಾಷೆ ಬಲ್ಲವರಿಗೆಲ್ಲ ಲಿಪಿ ಬಾರದು. ಓಲೆಗಳನ್ನು ಪ್ರತಿಮಾಡಿ, ದೇವನಾಗರಿಗೆ ಲಿಪ್ಯಂತರಿಸಿದ ಬಳಿಕವಷ್ಟೇ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಗಣಕದಲ್ಲಿಯೇ ಹುಟ್ಟಿದ ಕನ್ನಡ ಕಡತಗಳನ್ನು ಕಾಪಾಡಹೊರಟವರಿಗೆ ಎದುರಾಗಿರುವುದೂ ಇಂಥದೇ ತೊಡಕು.

1991ರಲ್ಲಿ ಭಾರತೀಯ ಲಿಪಿಗಳ ‘ಇಸ್ಕಿ’ ಸಂಕೇತವ್ಯವಸ್ಥೆ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಡಿ.ಟಿ.ಪಿ. ಕೇಂದ್ರಗಳಲ್ಲಿ ರೂಢಿಗೆ ಬಂದ ಮಾರ್ಗವೇ ಬೇರೆ. ಅಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ಕೂರಿಸಿದ ಫಾಂಟುಗಳು ಬಳಕೆಯಾದುವು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇವುಗಳ ಆರಂಭದ ಆವೃತ್ತಿಗಳೂ ಇದೇ ಕ್ರಮವನ್ನು ಅನುಸರಿಸಿದುವು. ಇಂಥ ಕಡತದಿಂದ ಫಾಂಟನ್ನು ಅಗಲಿಸಿದರೆ ಉಳಿಯುವುದು ಅರ್ಥಹೀನ ರೋಮನ್ ಚಿಹ್ನೆಗಳ ಸಾಲು ಮಾತ್ರ.

ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಲಭ್ಯವಿವೆ. ಆದರೆ ಪರಿವರ್ತನೆಯೂ ಒಂದು ಬಗೆಯ ಪ್ರತಿಲೇಖನವೇ. ‘ಧರ್ಮ’ ಎಂಬಲ್ಲಿ ಫಾಂಟಿನ ಕ್ರಮದಂತೆ ಅರ್ಕಾವತ್ತು ಮಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರೇಫ ಅದಕ್ಕೆ ಮೊದಲೇ ಬರಬೇಕು. ನಡುವೆ ಒಂದು ಇಂಗ್ಲಿಷ್ ಪದವಿದ್ದು, ಅದನ್ನು ಬೇರ್ಪಡಿಸದೆ ಪರಿವರ್ತಿಸಿದರೆ, ಅದೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತದೆ. ಓಲೆಯ ಲಿಪಿಕಾರನಂತೆ ಯಂತ್ರವೂ ಸ್ಖಾಲಿತ್ಯಗಳನ್ನು ಎಸಗುತ್ತದೆ. ಭೇದವಿಷ್ಟೇ: ಲಿಪಿಕಾರ ಅಲ್ಲಲ್ಲಿ ಎಡವುತ್ತಾನೆ, ಯಂತ್ರ ಒಂದೇ ತಪ್ಪನ್ನು ಎಲ್ಲೆಡೆ ಮಾಡುತ್ತದೆ.

ಆದುದರಿಂದ ಗ್ರಂಥಸಂಪಾದನೆಯ ಮೂಲಸೂತ್ರ ಇಲ್ಲಿಯೂ ಅನ್ವಯಿಸುತ್ತದೆ: ಮಾತೃಕೆಯನ್ನು ತಿದ್ದಬಾರದು. ಫ್ಲಾಪಿ ಅಥವಾ ಸಿ.ಡಿ. ಕೈಸೇರಿದೊಡನೆ, ಅದರಲ್ಲಿ ಏನನ್ನೂ ಬರೆಯಲಾಗದಂತೆ ತಡೆದು, ಇಡೀ ತಟ್ಟೆಯ ಯಥಾಪ್ರತಿಯನ್ನು ತೆಗೆಯಬೇಕು. ಪ್ರತಿಯೊಂದು ಕಡತಕ್ಕೂ ‘ಚೆಕ್‌ಸಮ್’ ಎಂಬ ಗಣಿತಮುದ್ರೆಯನ್ನು ದಾಖಲಿಸಬೇಕು. ಮುಂದೆ ಒಂದು ಬಿಟ್ ಬದಲಾದರೂ ಅದು ಆ ವ್ಯತ್ಯಾಸವನ್ನು ತೋರಿಸಿಕೊಡುತ್ತದೆ. ಮೂಲ ಕಡತವನ್ನು ಅದರ ಫಾಂಟಿನೊಡನೆ ಕಾಯ್ದಿರಿಸಿ, ಓದುಗರಿಗೆಂದು ಯೂನಿಕೋಡ್ ಪ್ರತಿಯನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಯಾವ ಸಾಧನದಿಂದ, ಎಂದು ಪರಿವರ್ತಿಸಲಾಯಿತು ಎಂಬುದನ್ನೂ ಬರೆದಿಡಬೇಕು. ಪ್ರತಿಗಳು ಭಿನ್ನ ಸ್ಥಳಗಳಲ್ಲಿರಬೇಕು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ನಿಕಟವಾದುದು. ಮುಂಬಯಿ, ಪುಣೆ, ಚೆನ್ನೈಗಳ ಸಂಘಗಳ ಸ್ಮರಣ ಸಂಚಿಕೆಗಳು ಕೆಲವೇ ಪ್ರತಿಗಳಲ್ಲಿ ಅಚ್ಚಾಗಿ ಹಂಚಿಹೋಗುವಂಥವು. ಅಚ್ಚಿಗೆ ಹೋಗದ ಬರಹ, ಬಿಟ್ಟುಹೋದ ಕರಡು, ಸಭೆಗಳ ನಡಾವಳಿ ಇವೆಲ್ಲ ಇದ್ದರೆ ಯಾರದೋ ಮನೆಯ ಹಳೆಯ ಗಣಕದಲ್ಲಿರಬೇಕು. ಅಂಥ ಕಡತವನ್ನು ಒಪ್ಪಿಸುವವರಿಂದ ನಾವು ಕೇಳಬೇಕಾದುದು ಬರಹವನ್ನು ಮಾತ್ರವಲ್ಲ. ಅದನ್ನು ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಬೆರಳಚ್ಚಿಸಿದರೆಂಬ ಒಂದು ಸಾಲಿನ ಮಾಹಿತಿಯನ್ನೂ ಕೇಳಬೇಕು. ಓಲೆಗರಿಯು ಬಹುಕಾಲ ಮೂಲೆಯಲ್ಲಿ ಬಿದ್ದಿದ್ದರೂ ಲಿಪಿ ಬಲ್ಲವನೊಬ್ಬ ಬಂದಾಗ ಓದಿಸಿಕೊಂಡೀತು. ಈ ಕಡತಗಳಿಗೆ ಆ ತಾಳ್ಮೆಯಿಲ್ಲ. ಬೆರಳಚ್ಚಿಸಿದ ಕೈಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.